ಅಪ್‌ಡೇಟ್: ಅಪ್ಪಯ್ಯನ ಲಿವರ್ ಆಪರೇಷನ್ ಆಯಿತು

76 ವರ್ಷದ ಅಪ್ಪಯ್ಯನಿಗೆ ಲಿವರ್ ಗೆಡ್ಡೆ ತೆಗೆಸಬಹುದಾ ಎಂದು ಕೇಳಿದ್ದೆನಲ್ಲ, ಆಪರೇಷನ್ ಆಯಿತು. ನಿನ್ನೆ ತೀರ್ಥಹಳ್ಳಿಗೆ ಕರೆತಂದೆವು.

ವಯಸ್ಸಿಗಿಂತ ಮೈಯ ಶಕ್ತಿ ಮುಖ್ಯ, ಮೊದಲು ಅದನ್ನು ಕೂಡಿಸಿ ಎಂದವರಿಗೆ ಕೈ ಮುಗಿಯುತ್ತೇನೆ. ಆಪರೇಷನ್‌ಗೆ ಮೊದಲು ಮೂರು ವಾರ ಅಪ್ಪಯ್ಯ ಬೆಳಿಗ್ಗೆ ಸಂಜೆ ತೋಟದ ತನಕ ನಡೆದರು, ದಿನಾ ಮೊಟ್ಟೆ ತಿಂದರು. ಶ್ವಾಸಕೋಶದ ವ್ಯಾಯಾಮಕ್ಕೆ ಕೊಡುವ, ಉಸಿರೆಳೆದರೆ ಚೆಂಡು ಏರುವ ಡಬ್ಬಿಯಲ್ಲಿ ಮೊದಲು ಒಂದೇ ಚೆಂಡು ಏರುತ್ತಿತ್ತು, ಕೊನೆಗೆ ಮೂರೂ ಏರಿದವು.

ಕಿರುನೆಲ್ಲಿ ಕಷಾಯದಿಂದ ಗೆಡ್ಡೆ ಕರಗಲಿಲ್ಲ, ಡಾಕ್ಟರೇ ನಿಲ್ಲಿಸಿದರು.

ಆಪರೇಷನ್ ಆದ ಎರಡನೇ ರಾತ್ರಿ ಮಾತ್ರ ಅಪ್ಪಯ್ಯ “ಮಳೆ ಬಂತು, ಅಡಿಕೆ ಒಳಗೆ ಹಾಕ್ರೋ” ಎಂದು ಎದ್ದು ಕೂತರು. ಜೀವವೇ ಹೋದಂತಾಯಿತು. ವಯಸ್ಸಾದವರಿಗೆ ಆಪರೇಷನ್ ನಂತರ ಇಂಥ ಗೊಂದಲ ಆಗುವುದುಂಟಂತೆ. ಕನ್ನಡಕ, ಕಿವಿ ಮೆಷಿನ್ ಹಾಕಿಸಿ ಅಮ್ಮ ಪಕ್ಕದಲ್ಲೇ ಕೂತು ಮಾತಾಡಿಸಿದರು. ಎರಡು ದಿನದಲ್ಲಿ ಸರಿಯಾದರು. ಗೆಡ್ಡೆ ಇದ್ದ ಭಾಗ ತೆಗೆದ ಮೇಲೆ ಉಳಿದ ಲಿವರ್ ತಾನೇ ಬೆಳೆಯುತ್ತದಂತೆ, ಎಂಥ ಆಶ್ಚರ್ಯ ಅಲ್ವಾ!