ಹಲಸಿನ ಹಪ್ಪಳದ ತರಬೇತಿಯಲ್ಲಿ ಏನನ್ನು ಕಲಿಸಬೇಕು?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ)

ಬರುವ ಹಲಸಿನ ಕಾಲಕ್ಕೆ ನಮ್ಮ ನೆರೆಕೂಟದ ವತಿಯಿಂದ ಹಲಸಿನ ಹಪ್ಪಳ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಮಾಂಬಳ (ಹಣ್ಣಿನ ರಸವನ್ನು ಪದರವಾಗಿ ಒಣಗಿಸಿದ್ದು) ಇವುಗಳ ತಯಾರಿಯ ತರಬೇತಿ ಏರ್ಪಡಿಸಬೇಕೆಂದಿದ್ದೇವೆ. ಹಿಂದೆಯೂ ಇಂತಹ ಶಿಬಿರಗಳು ನಡೆದಿವೆ. ಆದರೆ ಪ್ರಮಾಣಪತ್ರ ಪಡೆದವರಲ್ಲಿ ಹೆಚ್ಚಿನವರು ಮಾರಾಟಕ್ಕೆ ಇಳಿಯಲಿಲ್ಲ. ಇಲ್ಲಿನ ಹಿರಿಯರಿಗೆ ಹಪ್ಪಳ ಹೊಸ ವಿದ್ಯೆಯೇನಲ್ಲ, ಕಿರಿಯರಿಗೆ ಮಾತ್ರ ಅದು ಕೈತಪ್ಪುತ್ತಿದೆ. ಹೀಗಿರುವಾಗ ತರಬೇತಿಯಲ್ಲಿ ಯಾವುದಕ್ಕೆ ಒತ್ತು ಕೊಟ್ಟರೆ ಊರಿನ ಅಡುಗೆಯೂ ಉಳಿದು, ಮಹಿಳೆಯರ ಕೈಗೆ ನಾಲ್ಕು ಕಾಸೂ ಬರಬಹುದು? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಎಣ್ಮಕಜೆಯಿಂದ)

ಮೊದಲನೆಯದಾಗಿ, ಕಲಿಸುವವರು ಊರಿನ ಹಿರಿಯ ಹೆಂಗಸರೇ ಆಗಲಿ. ನಮ್ಮಲ್ಲಿ ನಡೆದ ಶಿಬಿರದಲ್ಲಿ ನೆರೆಮನೆಯ ಅಜ್ಜಿಯೊಬ್ಬರು ಗುರುಗಳಾಗಿದ್ದರು. ಚೆನ್ನಾಗಿ ಬಲಿತು, ಇನ್ನೂ ಹಣ್ಣಾಗದ, ಗಟ್ಟಿ ಸೊಳೆಯ (ತೊಳೆಯ) ಬಕ್ಕೆ ಹಲಸನ್ನೇ ಆರಿಸಬೇಕೆಂದು ಹೇಳಿ, ಎರಡು ಕಾಯಿಗಳ ಸೊಳೆಯನ್ನು ಎಲ್ಲರ ಬಾಯಿಗೂ ಕೊಟ್ಟು ವ್ಯತ್ಯಾಸ ತಿಳಿಸಿದರು. ಸಿಹಿ ಏರಿದ ಸೊಳೆಯಲ್ಲಿ ಸಕ್ಕರೆಯಂಶ ಹೆಚ್ಚಿರುವುದರಿಂದ ಅದರ ಹಪ್ಪಳ ಎಣ್ಣೆಗೆ ಬಿದ್ದೊಡನೆ ಕೆಂಪೇರಿ ಕಪ್ಪಾಗುತ್ತದೆ. ಸೊಳೆಯನ್ನು ನೀರಿನಲ್ಲಿ ಮುಳುಗಿಸದೆ ಅಟ್ಟಿನಳಗೆಯ ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಗುದ್ದಿ, ಉಂಡೆ ಕಟ್ಟಿ, ಕೈಗೆ ತೆಂಗಿನೆಣ್ಣೆ ಸವರಿಕೊಂಡು ಮಣೆಯಲ್ಲಿ ಒತ್ತುವವರೆಗಿನ ಕೆಲಸ ಕಿರಿಯರಿಗೆ ಬೇಗನೆ ಒಗ್ಗಿತು.

ಕಷ್ಟವಾದದ್ದು ಒಣಗಿಸುವುದು. ಮೇ ತಿಂಗಳ ಮೋಡದ ದಿನಗಳಲ್ಲಿ ಮೇಲ್ಗಡೆ ಒಣಗಿದಂತೆ ಕಂಡ ಹಪ್ಪಳದೊಳಗೆ ತೇವ ಉಳಿದಿದ್ದರೆ ಮಳೆಗಾಲದ ಆಟಿ ತಿಂಗಳ ಹೊತ್ತಿಗೆ ಡಬ್ಬಿಯಲ್ಲೇ ಬೂಸರು ಬರುತ್ತದೆ. ಬಾಗಿಸಿದಾಗ ಬಾಗದೆ ಟಕ್ಕನೆ ಮುರಿಯಬೇಕು ಎಂಬುದು ಅಜ್ಜಿಯ ಪರೀಕ್ಷೆ. ಮನೆಬಳಕೆಯ ಹಪ್ಪಳ ಒಂದು ದಪ್ಪ, ಒಂದು ತೆಳುವಾದರೂ ನಡೆಯುತ್ತದೆ, ಅಂಗಡಿಗೆ ಹೋಗುವ ಕಟ್ಟಿನಲ್ಲಿ ನಡೆಯುವುದಿಲ್ಲ. ಆದುದರಿಂದ ಉಂಡೆಯನ್ನು ತೂಗಿ ಕಟ್ಟುವ ಅಭ್ಯಾಸವನ್ನು ಅಲ್ಲಿಯೇ ಮಾಡಿಸಿದೆವು. ಆ ಶಿಬಿರಕ್ಕೆ ಬಂದವರಲ್ಲಿ ಕೆಲವರು ಇಂದಿಗೂ ಒಟ್ಟಾಗಿ ಹಪ್ಪಳ ಮಾಡಿ ಮಾರುತ್ತಿದ್ದಾರೆ ಎಂಬುದು ನನಗೆ ಬಹಳ ಸಂತೋಷದ ವಿಷಯ.

ಉತ್ತರ 2 (ಕುಂಬಳೆಯಿಂದ)

ಮೇಲಿನ ಮಾತುಗಳಿಗೆ ಭಾಷೆಯ ವಿಷಯವನ್ನೂ ಸೇರಿಸಬೇಕು. 1998ರಲ್ಲಿ ಆರಂಭವಾದ, ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಡುಂಬಶ್ರೀಯಿಂದಾಗಿ ಸಂಘಟನೆಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಪುಸ್ತಿಕೆಯೂ ಅರ್ಜಿಯೂ ಮಲಯಾಳದಲ್ಲೇ ಇದ್ದರೆ, ಕನ್ನಡ ಶಾಲೆಯಲ್ಲಿ ಓದಿ ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಆಡುವ ಹೆಂಗಸರು ಅಡುಗೆಯಲ್ಲಿ ಮುಂದಿದ್ದರೂ ಕಾಗದಪತ್ರದ ಮಾತು ಬಂದಾಗ ಹಿಂದೆ ಸರಿಯುತ್ತಾರೆ. ಆಹಾರ ಸುರಕ್ಷತಾ ನೋಂದಣಿ ಮಾಡಿಸುವ ಕ್ರಮ, ಲೇಬಲಿನಲ್ಲಿ ಪದಾರ್ಥಗಳು, ತೂಕ, ತಯಾರಿಸಿದ ದಿನಾಂಕ, ನೋಂದಣಿ ಸಂಖ್ಯೆ ನಮೂದಿಸುವ ರೀತಿ ಇವಿಷ್ಟನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಬರೆದು ಹಂಚಿರಿ. ಕಿರು ಆಹಾರೋದ್ಯಮಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಬೀಜಧನದ ಅವಕಾಶವಿತ್ತು, ಆದರೆ ಅಂತಹ ನೆರವುಗಳ ಸುದ್ದಿ ನಮ್ಮ ಹಳ್ಳಿಗಳನ್ನು ತಲಪುವುದೇ ತಡವಾಗಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಮೊದಲೇ ಸಂಪರ್ಕಿಸಿರಿ.

ಉತ್ತರ 3 (ಮುಳ್ಳೇರಿಯದಿಂದ)

ಬೆಲೆ ಕಟ್ಟುವುದನ್ನು ಮರೆಯಬೇಡಿರಿ. 2018ರಲ್ಲಿ ಕೇರಳವು ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಮೇಲೂ ನಮ್ಮ ತೋಟಗಳಲ್ಲಿ ಅದು ಮರದಡಿ ಕೊಳೆಯುತ್ತಲೇ ಇದೆ. ಹಲಸು ಬಿಟ್ಟಿ ಸಿಗುತ್ತದೆಂದು ಹೆಂಗಸರು ತಮ್ಮ ದುಡಿಮೆಯನ್ನೂ ಬಿಟ್ಟಿಯೆಂದೇ ಲೆಕ್ಕ ಹಾಕುತ್ತಾರೆ. ಸೊಳೆ ಬಿಡಿಸುವ, ಒತ್ತುವ, ಒಣಗಿಸುವ ಹೊತ್ತಿಗೆಲ್ಲ ಕೂಲಿ ಸೇರಿಸಿ ಒಂದು ಕಟ್ಟಿನ ಬೆಲೆ ಎಷ್ಟಾಗುತ್ತದೆಂಬುದನ್ನು ಶಿಬಿರದಲ್ಲೇ ಅವರ ಕೈಯಿಂದ ಬರೆಯಿಸಿರಿ. ಅಂಗಡಿಯವರೊಡನೆ ಮಾತಾಡಬೇಕಾದದ್ದು ಆ ಬೆಲೆಯನ್ನು ಕೈಯಲ್ಲಿ ಹಿಡಿದುಕೊಂಡೇ.