ಟೆನಿಸ್‌ನಲ್ಲಿ ಫ್ಲಾಟ್ ಹೊಡೆಯುವವರಿಗೆ ಕೈ ನೋಯಿಸದ ಪಾಲಿ ಗಟ್ ಯಾವುದು?

ಈಸ್ಟರ್ನ್‌ಗ್ರಿಪ್_ಮೈಸೂರು:

ನಮಸ್ಕಾರ ಎಲ್ಲರಿಗೂ. ವಯಸ್ಸು 41. ವಾರಕ್ಕೆ ಮೂರು ಬೆಳಿಗ್ಗೆ ಆಡುತ್ತೇನೆ, ಹೆಚ್ಚಾಗಿ ಡಬಲ್ಸ್. ರಾಕೆಟ್ 100 ಚದರ ಇಂಚು, 300 ಗ್ರಾಂ, 16 × 19 (ಉದ್ದಕ್ಕೆ 16, ಅಡ್ಡಕ್ಕೆ 19 ಗಟ್, ಅಂದರೆ ತಂತಿ), ಫ್ರೇಮ್ ಸ್ವಲ್ಪ ಗಟ್ಟಿಯೇ. ನನ್ನದು ಹಳೇ ಕಾಲದ ಹೊಡೆತ. ಚೆಂಡು ನೆಟ್‌ನಿಂದ ಒಂದು ಗೇಣು ಮೇಲೆ ನೇರವಾಗಿ ಹೋಗುತ್ತದೆ, ಅಷ್ಟೇ. ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುವಂತೆ ಹೊಡೆಯೋದು) ಕಲೀರಿ ಅಂತ ಕೋಚ್ ಹೇಳಿ ಹೇಳಿ ಸುಸ್ತಾಗಿ ಈಗ ಸುಮ್ಮನಾಗಿದ್ದಾರೆ.

ಮೊದಲು ಸಿಂಥೆಟಿಕ್ ಗಟ್ (ನೈಲಾನ್‌ದು) ಇತ್ತು. ಜೋರಾಗಿ ಬಾರಿಸಿದರೆ ಚೆಂಡು ಬೇಸ್‌ಲೈನ್ ದಾಟುತ್ತಿತ್ತು. ಕ್ಲಬ್‌ನ ಹುಡುಗರು ಹೇಳಿದರು ಅಂತ ಮೂಲೆಗಳಿರುವ ಗಟ್ಟಿ ಪಾಲಿ (ಪಾಲಿಯೆಸ್ಟರ್ ಗಟ್) ಒಂದನ್ನು 55 ಪೌಂಡ್ ಬಿಗಿಗೆ ಹಾಕಿಸಿದೆ. ಈಗ ಚೆಂಡೇನೋ ಒಳಗೆ ಬೀಳುತ್ತಿದೆ, ಆದರೆ ಮೊಣಕೈ ಹೊರಭಾಗ ಹಿಡಿದುಕೊಂಡಿದೆ. ಬಕೆಟ್ ಎತ್ತಿದರೆ, ಚಿಲಕ ತಿರುಗಿಸಿದರೆ ಚುಳ್ ಅನ್ನುತ್ತದೆ. ಗಟ್ ಮಾತ್ರ ನಾಲ್ಕು ತಿಂಗಳಾದರೂ ತುಂಡಾಗಿಲ್ಲ, ಹಾಗಾಗಿ ಬಿಚ್ಚಿಸಲು ಮನಸ್ಸು ಬರುತ್ತಿಲ್ಲ. ಪಾಲಿಯಲ್ಲೇ ಮೆತ್ತಗಿರುವುದು ಯಾವುದು? ಎಷ್ಟು ದಪ್ಪ, ಎಷ್ಟು ಪೌಂಡ್?

ಗಟ್ಟಿಂಗ್_ಮೆಷಿನ್:

ಸರ್, ಹೆಸರು ಆಮೇಲೆ ಹೇಳುತ್ತೇನೆ. ಮೊದಲು ಆ ನಾಲ್ಕು ತಿಂಗಳ ಗಟ್ ಕತ್ತರಿಸಿ ಬಿಸಾಕಿ. ಇಡೀ ಪೋಸ್ಟ್‌ನಲ್ಲಿ ನನಗೆ ಭಯ ಹುಟ್ಟಿಸಿದ್ದು ಆ "ತುಂಡಾಗಿಲ್ಲ" ಅನ್ನೋ ಮಾತು.

ಸ್ಪಿನ್ ಹಾಕುವವರ ರಾಕೆಟ್‌ನಲ್ಲಿ ಉದ್ದದ ಗಟ್‌ಗಳು ಜಾರಿ ಜಾರಿ ಅಡ್ಡದ ಗಟ್ ಜೊತೆ ಉಜ್ಜುತ್ತವೆ, ಅಲ್ಲೇ ಕಚ್ಚು ಬಿದ್ದು ತುಂಡಾಗುತ್ತವೆ. ಅವರಿಗೆ ಗಟ್ಟೇ ಬಂದು ಹೇಳುತ್ತದೆ, ನನ್ನ ಕಥೆ ಮುಗೀತು ಅಂತ. ಫ್ಲಾಟ್ ಹೊಡೆಯುವವರಲ್ಲಿ ಜಾರುವುದೇ ಕಡಿಮೆ. ಅದು ತುಂಡಾಗೋದಿಲ್ಲ, ಸುಮ್ನೆ ಸತ್ತು ಕೂತಿರುತ್ತದೆ. ಪಾಲಿ ಬೇರೆ ಗಟ್‌ಗಿಂತ ಬೇಗ ಟೆನ್ಷನ್ ಬಿಡುತ್ತದೆ, ಎಳೆತದ ಜೊತೆ ಚೆಂಡನ್ನು ಹಿಂದಕ್ಕೆ ದೂಡುವ ಗುಣವೂ ಹೋಗುತ್ತದೆ. ಆಗ ಏನಾಗುತ್ತೆ, ಅದೇ ಉದ್ದಕ್ಕೆ ಚೆಂಡು ಕಳಿಸಲು ನೀವೇ ಜಾಸ್ತಿ ಜೋರು ಹಾಕುತ್ತೀರಿ, ಹೊಡೆತದ ಪೆಟ್ಟು ನೇರ ಕೈಗೆ ಬರುತ್ತದೆ. ಬೆರಳಲ್ಲಿ ನಡುವಿನ ಒಂದು ಉದ್ದದ ಗಟ್ ಪಕ್ಕಕ್ಕೆ ಎಳೆದು ಬಿಡಿ. ಟಕ್ ಅಂತ ಜಾಗಕ್ಕೆ ಬರದೆ ಅಲ್ಲೇ ನಿಂತರೆ ಮುಗೀತು. ನಾನು ಕ್ಲಬ್ ಆಟಗಾರರಿಗೆ ಹೇಳೋದು 12ರಿಂದ 15 ಗಂಟೆ ಆಟ, ಹೆಚ್ಚೆಂದರೆ 20.

ಬಿಚ್ಚುವಾಗ ಒಂದೇ ಕಡೆಯಿಂದ ಸಾಲಾಗಿ ಕತ್ತರಿಸಬೇಡಿ, ಫ್ರೇಮ್ ಮೇಲೆ ಎಳೆತ ಒಂದೇ ಬದಿಗೆ ಬೀಳುತ್ತದೆ. ನಡುವಿಂದ ಶುರು ಮಾಡಿ, ಉದ್ದದ್ದೊಂದು ಅಡ್ಡದ್ದೊಂದು, ಹೀಗೇ ಹೊರಗೆ ಬನ್ನಿ.

ಈಗ ಹೆಸರು. ನಿಮಗೆ ಮೂಲೆಗಳಿರುವ ಗಟ್ ಬೇಡವೇ ಬೇಡ. ಆ ಮೂಲೆ ಇರೋದು ಚೆಂಡನ್ನು ಕಚ್ಚಿ ತಿರುಗಿಸಲಿಕ್ಕೆ, ನೀವು ತಿರುಗಿಸೋದೇ ಇಲ್ಲವಲ್ಲ. ದುಂಡಗಿನದು, ಮೆತ್ತಗಿನದು ನೋಡಿ. ಯೋನೆಕ್ಸ್ ಪಾಲಿ ಟೂರ್ ಪ್ರೊ, 1.25 ಮಿ.ಮೀ. ದಪ್ಪದ್ದು, ನನ್ನ ಮೊದಲ ಸಲಹೆ. ಐಸೋಸ್ಪೀಡ್ ಕ್ರೀಮ್ ಸಿಕ್ಕರೆ ಅದೂ ಆಗುತ್ತದೆ, ಬೆಣ್ಣೆ ತರಹ. ಲಕ್ಸಿಲಾನ್ ಕಂಪನಿಯದೇ ಬೇಕೆಂದರೆ ಎಲಿಮೆಂಟ್, ಅವರದೇ ಗಟ್ಟಿ ಗಟ್ 4ಜಿ ಕಡೆ ಹೋಗಬೇಡಿ. 55 ಪೌಂಡ್ ನಿಮ್ಮ ಕೈಗೆ ಜಾಸ್ತಿ. 48ರಿಂದ ಶುರು ಮಾಡಿ.

ಮಳೆಗಾಲದಲ್ಲೂ_ಟೆನಿಸ್ (ಮಂಗಳೂರು):

ನಾನು ಬೇರೆ ರಾಗ ಹಾಡುತ್ತೇನೆ. ಪಾಲಿ ಯಾಕೆ ಬೇಕು ಗುರು?

1997ರಲ್ಲಿ ಬ್ರೆಜಿಲ್‌ನ ಕುಯೆರ್ಟೆನ್ ಲಕ್ಸಿಲಾನ್ ಪಾಲಿ ಹಾಕಿ ಫ್ರೆಂಚ್ ಓಪನ್ ಗೆದ್ದ, ಆಮೇಲೆ ಊರಿಗೆಲ್ಲ ಪಾಲಿ ಹುಚ್ಚು. ಆದರೆ ಅವನು ಕೈ ಪೂರ್ತಿ ಬೀಸಿ ಮಣ್ಣಿನ ಕೋರ್ಟ್‌ನಲ್ಲಿ ಸ್ಪಿನ್ ಸುರಿಸುತ್ತಿದ್ದವನು. ದೊಡ್ಡ ಆಟಗಾರರು ಪ್ರತಿ ಮ್ಯಾಚ್‌ಗೂ ಹೊಸ ಗಟ್ ಹಾಕಿದ ರಾಕೆಟ್ ಹಿಡಿದು ಹೋಗುತ್ತಾರೆ. ನಾವು ಅದೇ ಗಟ್ ತಗೊಂಡು ದೀಪಾವಳಿಯಿಂದ ಯುಗಾದಿವರೆಗೆ ಎಳೆಯುತ್ತೇವೆ. ಮೊಣಕೈ ಈಗಾಗಲೇ ನೋಯುತ್ತಿದ್ದರೆ ಮಲ್ಟಿಫಿಲಮೆಂಟ್ (ನವಿರಾದ ಹಲವು ಎಳೆ ಸೇರಿಸಿ ಮಾಡಿದ ಮೆತ್ತನೆ ಗಟ್) ಹಾಕಿಸಿ, ಹೆಡ್ ವೆಲಾಸಿಟಿ ಅಥವಾ ವಿಲ್ಸನ್ ಎನ್‌ಎಕ್ಸ್‌ಟಿ, 56-57 ಪೌಂಡ್. ಚೆಂಡು ಹೊರಗೆ ಹೋಗದಿರಲು ಬಿಗಿ ಸಾಕು. ಅದರಲ್ಲೂ ನಿಮ್ಮಂಥವರ ಕೈಯಲ್ಲಿ ಮಲ್ಟಿ ಬೇಗ ತುಂಡಾಗೋದೂ ಇಲ್ಲ.

ನ್ಯಾಚುರಲ್ ಗಟ್ ಬಗ್ಗೆ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದು ಹಸುವಿನ ಕರುಳಿಂದ ಮಾಡೋದು, ತೇವ ಆಗಿಬರೋದಿಲ್ಲ. ನಮ್ಮ ಕರಾವಳಿ ಮಳೆಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಮೈಸೂರಲ್ಲಿ ಬಹುಶಃ ನಡೀಬಹುದು, ಜೇಬು ಗಟ್ಟಿ ಇದ್ದರೆ.

ಸ್ಲೈಸ್_ಸುಬ್ಬಿ:

ಇಬ್ಬರೂ ಹೇಳಿದ್ದು ಸರಿ, ಆದರೆ ನಡುವೆ ಒಂದು ದಾರಿ ಇದೆ ಅಲ್ವಾ? ಹೈಬ್ರಿಡ್. ಉದ್ದಕ್ಕೆ ಮೆತ್ತನೆ ಪಾಲಿ, ಅಡ್ಡಕ್ಕೆ ಮಲ್ಟಿ. ಸ್ಪಿನ್‌ನವರ ರಾಕೆಟ್‌ನಲ್ಲಿ ಪಾಲಿ ಗರಗಸ ಆಡಿ ಅಡ್ಡದ ಮಲ್ಟಿಯನ್ನು ಬೇಗ ಕತ್ತರಿಸಿ ಹಾಕುತ್ತದೆ, ಅದಕ್ಕೇ ಹುಡುಗರಿಗೆ ಇದು ಇಷ್ಟವಿಲ್ಲ. ಫ್ಲಾಟ್ ಹೊಡೆತಕ್ಕೆ ಆ ತೊಂದರೆ ಕಡಿಮೆ. ಕೈ ತೀರಾ ಸೂಕ್ಷ್ಮ ಇದ್ದರೆ ತಿರುಗಿಸಿ ಹಾಕಿಸಿ, ಮಲ್ಟಿ ಉದ್ದಕ್ಕೆ, ಪಾಲಿ ಅಡ್ಡಕ್ಕೆ. ಫೆಡರರ್ ನ್ಯಾಚುರಲ್ ಗಟ್ ಉದ್ದಕ್ಕೆ, ಲಕ್ಸಿಲಾನ್ ಅಡ್ಡಕ್ಕೆ ಹಾಕುತ್ತಿದ್ದದ್ದು ಇದೇ ಲೆಕ್ಕ. ಕೈಗೆ ಗೊತ್ತಾಗೋದು ಜಾಸ್ತಿ ಉದ್ದದ ಗಟ್ಟೇ.

ಮತ್ತೆ, ಚಿಲಕ ತಿರುಗಿಸುವಾಗಲೂ ನೋವು ಅಂದರೆ ಗಟ್ ಬದಲಿಸಿ ಮಾರನೇ ದಿನವೇ ಕೋರ್ಟ್‌ಗೆ ಓಡಬೇಡಿ. ಸ್ವಲ್ಪ ದಿನ ಬಿಡಿ, ಫಿಸಿಯೋಗೆ ತೋರಿಸಿ. ಯಾವ ಗಟ್ಟೂ ಔಷಧಿ ಅಲ್ಲ.

ಈಸ್ಟರ್ನ್‌ಗ್ರಿಪ್_ಮೈಸೂರು:

ಎಲ್ಲರಿಗೂ ಥ್ಯಾಂಕ್ಸ್. ಬೆರಳಲ್ಲಿ ಎಳೆದು ನೋಡಿದೆ, ಎಳೆದಲ್ಲೇ ನಿಂತಿತು! ಇವತ್ತೇ ಕತ್ತರಿಸುತ್ತೇನೆ. ಫಿಸಿಯೋ ಹತ್ತಿರ ಸೋಮವಾರ ಹೋಗುತ್ತೇನೆ. ಮಲ್ಟಿ ಮಾತು ಒಪ್ಪುತ್ತೇನೆ, ಆದರೆ ಪಾಲಿಯಲ್ಲಿ ಚೆಂಡು ಒಳಗೆ ಬೀಳುವ ಆ ನಂಬಿಕೆ ಬಿಡಲು ಕಷ್ಟ. ಹಾಗಾಗಿ ಸುಬ್ಬಿಯವರ ಮೊದಲ ಹೈಬ್ರಿಡ್ ಅಂದುಕೊಂಡಿದ್ದೇನೆ. ಎರಡು ಅನುಮಾನ. 48ಕ್ಕೆ ಇಳಿಸಿದರೆ ಮತ್ತೆ ಚೆಂಡು ಹಾರಲ್ವಾ? ಇಷ್ಟು ಬೇಗ ಬೇಗ ಬದಲಿಸಿದರೆ ಖರ್ಚು?

ಗಟ್ಟಿಂಗ್_ಮೆಷಿನ್:

ಖರ್ಚಿಗೆ ರೀಲ್ ತಗೊಳ್ಳಿ ಸರ್. ಒಂದು ರಾಕೆಟ್‌ಗೆ 12 ಮೀಟರ್ ಲೆಕ್ಕ, 200 ಮೀಟರ್ ರೀಲ್‌ನಲ್ಲಿ 16 ರಾಕೆಟ್ ಆಗುತ್ತದೆ. ಹೈಬ್ರಿಡ್ ಆದರೆ ಪಾಲಿ ಅರ್ಧವೇ ಸಾಕು, ಇಬ್ಬರು ಸೇರಿ ತಗೊಂಡರೆ ಇನ್ನೂ ಒಳ್ಳೇದು.

ಪೌಂಡ್ ಇಳಿಸಿದರೆ ಚೆಂಡು ಸ್ವಲ್ಪ ಮೇಲೆ ಏಳುತ್ತದೆ, ಹೌದು. ನಿಮ್ಮದು ನೆಟ್‌ಗೆ ಒಂದು ಗೇಣು ಮೇಲೆ ಅಂದಿರಿ, ಇನ್ನೊಂದು ಗೇಣು ಎದ್ದರೆ ಲಾಭವೇ. ಹೊರಗೆ ಹೋದರೆ ಮಾತ್ರ ಎರಡು ಪೌಂಡ್ ಏರಿಸಿ. ಒಮ್ಮೆ ಹೈಬ್ರಿಡ್ ಹಾಕಿಸಿದ ಮೇಲೆ ಗಟ್, ದಪ್ಪ, ಪೌಂಡ್ ಮೂರನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತು ಅಂತಲೇ ಗೊತ್ತಾಗೋದಿಲ್ಲ. ಹೈಬ್ರಿಡ್‌ಗೆ ಪಾಲಿ 48, ಮಲ್ಟಿ 50 ಹೇಳಿ. ಅಂದಹಾಗೆ ನಿಮ್ಮ ಗಟ್ ಹಾಕುವವರದು ಯಾವ ಮೆಷಿನ್?

ಈಸ್ಟರ್ನ್‌ಗ್ರಿಪ್_ಮೈಸೂರು:

ಕೈಯಲ್ಲಿ ಹಿಡಿ ತಿರುಗಿಸ್ತಾರೆ, ಟಕ್ ಅಂತ ಲಾಕ್ ಆಗುತ್ತೆ.

ಗಟ್ಟಿಂಗ್_ಮೆಷಿನ್:

ಹಾಗಾದರೆ 48 ಅಂತ ಧೈರ್ಯವಾಗಿ ಹೇಳಿ, ಅದಕ್ಕಿಂತ ಇಳಿಸಬೇಡಿ. ಆ ಮೆಷಿನ್ ಲಾಕ್ ಆದ ಮೇಲೆ ಎಳೆಯೋದು ನಿಲ್ಲಿಸುತ್ತದೆ, ಅಷ್ಟರಲ್ಲಿ ಗಟ್ ಸಡಿಲ ಬಿಡುತ್ತದೆ. ಎಲೆಕ್ಟ್ರಾನಿಕ್‌ನಲ್ಲಿ ಹಾಕಿದ 48ಕ್ಕಿಂತ ಅದು ಮೆತ್ತಗೇ ಬರುತ್ತದೆ. ಬೇರೆ ಕಡೆ ಎಲೆಕ್ಟ್ರಾನಿಕ್‌ನಲ್ಲಿ ಹಾಕಿಸಿದರೆ 46 ಸಾಕು. ತಾರೀಖು, ಪೌಂಡ್ ಎರಡನ್ನೂ ಬರೆದು ರಾಕೆಟ್ ಕತ್ತಿನ ಒಳಬದಿಗೆ ಒಂದು ಸ್ಟಿಕ್ಕರ್ ಅಂಟಿಸೋಕೆ ಹೇಳಿ.