ಯಲ್ಲಾಪುರದಲ್ಲಿ ತಂಗಬೇಕೋ, ದಾಟಿ ಹೋಗಬೇಕೋ?

ಕೇಳಿದವರು, ಹುಬ್ಬಳ್ಳಿ:
ದಸರಾ ರಜೆಗೆ ಕಾರಿನಲ್ಲಿ ಗೋಕರ್ಣಕ್ಕೆ ಹೊರಟಿದ್ದೇವೆ. ಜೊತೆಗೆ ಮೊಣಕಾಲು ನೋವಿರುವ ಅತ್ತೆ, ಇಬ್ಬರು ಮಕ್ಕಳು. ಪ್ರತಿ ಸಲ ಯಲ್ಲಾಪುರದಲ್ಲಿ ಚಹಾ ಕುಡಿದು ಘಟ್ಟ ಇಳಿದುಬಿಡುತ್ತೇವೆ. ಈ ಸಲ ಒಂದು ರಾತ್ರಿ ಅಲ್ಲೇ ತಂಗಿದರೆ ಹೇಗೆ? ಅನುಭವ ಇದ್ದವರು ತಿಳಿಸಿ.

ನವನಗರದಿಂದ:
ಧಾರಾಳವಾಗಿ ತಂಗಿ. ಆದರೆ ಪೇಟೆಯನ್ನು ನೋಡಿ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಬಸ್ ನಿಲ್ದಾಣ, ಲಾರಿಗಳ ಸಾಲು, ನಾಲ್ಕಾರು ಖಾನಾವಳಿ, ಅಷ್ಟೇ. ಸೊಗಸೆಲ್ಲ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ. ಹುಬ್ಬಳ್ಳಿಯಿಂದ ಸುಮಾರು 70 ಕಿ.ಮೀ. ದಾರಿ. ಕಲಘಟಗಿಯಲ್ಲಿ ಇಳಿದು ಬಣ್ಣದ ತೊಟ್ಟಿಲು ಮಾಡುವವರ ಕೈಚಳಕ ನೋಡಿಕೊಂಡು ಹೋದರೂ ಮಧ್ಯಾಹ್ನದ ಊಟಕ್ಕೆ ಯಲ್ಲಾಪುರ ಸೇರುತ್ತೀರಿ.

ಅತ್ತೆಯವರು ಜೊತೆಗಿದ್ದಾರೆಂದರೆ ಸಾತೊಡ್ಡಿಯ ಆಸೆ ಬಿಡಿ. ಸುಮಾರು 15 ಮೀಟರಿನ ಜಲಪಾತ; ನೀರು ಕಾಳಿ ನದಿಯ ಕೊಡಸಳ್ಳಿ ಹಿನ್ನೀರಿಗೆ ಹೋಗಿ ಸೇರುತ್ತದೆ. ಚೆಂದವೇನೋ ಹೌದು, ಆದರೆ ಊರಿನಿಂದ 30 ಕಿ.ಮೀ. ಮೀರಿದ ದಾರಿ, ಅದರ ಮೇಲೆ ಕಾಡಿನಲ್ಲಿ ನಡಿಗೆ. ಮಾಗೋಡಿಗೆ ಹೋಗಿ. ಬೇಡ್ತಿ ನದಿ ಅಲ್ಲಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಧುಮುಕುತ್ತದೆ. ಕಣಿವೆಯ ಈಚೆ ದಂಡೆಯಲ್ಲಿ, ಕಂಬಿಯ ಹಿಂದೆ ನಿಂತು ನೋಡುವ ಜಾಗ ಅದು. ಮಕ್ಕಳು ನೀರಿಗೆ ಇಳಿಯುತ್ತೇವೆಂದು ಹಟ ಹಿಡಿಯುವ ಪ್ರಶ್ನೆಯೇ ಇಲ್ಲ. ಮಂಜು ಕವಿದಿದ್ದರೆ ಬರೀ ಸದ್ದು ಕೇಳಿಸುತ್ತದೆ. ಬೇಸತ್ತು ವಾಪಸಾಗಬೇಡಿ, ಕಾಯಿರಿ. ಗಾಳಿ ಬೀಸಿದರೆ ಮೊದಲು ಎದುರಿನ ಕಪ್ಪು ಬಂಡೆ ಕಾಣುತ್ತದೆ, ಆಮೇಲೆ ನೀರಿನ ಮೇಲಿನ ಹಂತ, ಕೊನೆಗೆ ಕೆಳಗಿನದು. ಕ್ಯಾಮೆರಾ ಹೊರತೆಗೆಯುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿರುತ್ತದೆ! ದಾರಿಯಲ್ಲಿ ಕವಡೀಕೆರೆ ಸಿಗುತ್ತದೆ. ಸೂರ್ಯಾಸ್ತಕ್ಕೆ ಜೇನುಕಲ್ಲು ಗುಡ್ಡ.

ಧಾರವಾಡದಿಂದ:
ಮಾಗೋಡಿನಲ್ಲಿ ಬೀಳುವ ನೀರಿನಲ್ಲಿ ನಮ್ಮ ಪಾಲೂ ಇದೆ. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಮುಂದೆ ಗಂಗಾವಳಿ ಎನಿಸಿಕೊಂಡು ಅಂಕೋಲೆಯ ಬಳಿ ಸಮುದ್ರ ಸೇರುತ್ತದೆ. ಅಂಕೋಲೆಯಿಂದ ಗೋಕರ್ಣಕ್ಕೆ ಹೋಗುವಾಗ ಅದನ್ನೇ ಸೇತುವೆಯ ಮೇಲೆ ದಾಟುತ್ತೀರಿ, ಮಕ್ಕಳಿಗೆ ತೋರಿಸಿ.

ತಿನ್ನಲು ತೊಡದೇವು ಕೊಳ್ಳಿ. ಆಲೆಮನೆಯ ದಿನಗಳಲ್ಲಿ ಹೋದರೆ ಮಾಡುವುದನ್ನೂ ನೋಡಬಹುದು. ಬೋರಲು ಹಾಕಿದ ಗಡಿಗೆಯ ಕೆಳಗೆ ಬೆಂಕಿ. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬಟ್ಟೆಯಲ್ಲಿ ಅದ್ದಿ ಕಾದ ಗಡಿಗೆಯ ಬೆನ್ನಿಗೆ ಒಮ್ಮೆ ಸವರುತ್ತಾರೆ. ಅಂಚು ಎದ್ದ ಕೂಡಲೇ ಮೆಲ್ಲಗೆ ಬಿಡಿಸಿ ಮಡಿಸುತ್ತಾರೆ. ಕಾಗದದಷ್ಟು ತೆಳ್ಳಗಿರುತ್ತದೆ. ಮನೆಗೆ ಒಯ್ಯುವುದಾದರೆ ಚೀಲದ ತಳಕ್ಕೆ ಹಾಕಬೇಡಿ, ಪುಡಿ ತಿನ್ನಬೇಕಾಗುತ್ತದೆ. ಉಪ್ಪಿನಕಾಯಿ ಪ್ರಿಯರಾದರೆ ಅಪ್ಪೆಮಿಡಿಯನ್ನೂ ಮರೆಯಬೇಡಿ.

ಸವಣೂರಿನಿಂದ:
ತಂಗುವುದರ ದೊಡ್ಡ ಲಾಭವನ್ನು ಯಾರೂ ಹೇಳಲಿಲ್ಲ. ಅರಬೈಲ್ ಘಟ್ಟವನ್ನು ಬೆಳಕಿನಲ್ಲಿ ಇಳಿಯಬಹುದು. 2025ರ ಜನವರಿ 22ರ ಬೆಳಗಿನ ಜಾವ ಕುಮಟಾ ಸಂತೆಗೆ ಹೊರಟಿದ್ದ ನಮ್ಮೂರಿನ ಹಣ್ಣು, ತರಕಾರಿ ವ್ಯಾಪಾರಿಗಳ ಲಾರಿ ಗುಳ್ಳಾಪುರದ ಬಳಿ ಉರುಳಿತು. ಎಷ್ಟೋ ಮನೆಗಳು ಇನ್ನೂ ಸುಧಾರಿಸಿಕೊಂಡಿಲ್ಲ. ‘ರಾತ್ರಿ ರಸ್ತೆ ಖಾಲಿ ಇರುತ್ತದೆ’ ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. ಆ ರಸ್ತೆಯಲ್ಲಿ ರಾತ್ರಿಯೂ ಲಾರಿಗಳೇ.

ಹಾವೇರಿ ಕಡೆಯಿಂದ ಬರುವವರು ಹುಬ್ಬಳ್ಳಿ ಸುತ್ತಬೇಕಿಲ್ಲ. ಶಿಗ್ಗಾವಿ, ಮುಂಡಗೋಡು ಮೇಲೆ ಯಲ್ಲಾಪುರ ಸೇರಬಹುದು. ಮುಂಡಗೋಡಿನಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ಶಿಬಿರಗಳಿವೆ, ಬೌದ್ಧ ಮಠಗಳನ್ನು ನೋಡಬಹುದು.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಸಾತೊಡ್ಡಿ ಬಿಟ್ಟೆವು, ಮಾಗೋಡು ಗಟ್ಟಿ. ಒಂದೇ ಚಿಂತೆ: ಘಟ್ಟದ ತಿರುವುಗಳಲ್ಲಿ ಚಿಕ್ಕವನಿಗೆ ವಾಂತಿಯಾಗುತ್ತದೆ.

ನವನಗರದಿಂದ:
ಅವನ ಕೈಯಿಂದ ಮೊಬೈಲ್ ಕಿತ್ತಿಟ್ಟುಕೊಳ್ಳಿ. ಕಿಟಕಿ ತೆರೆದು ದೂರಕ್ಕೆ ನೋಡಲು ಹೇಳಿ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಪೂರಿ, ಭಜಿ ಎಲ್ಲ ಅಂಕೋಲೆ ತಲುಪಿದ ಮೇಲೆ. ಅತ್ತೆಯವರು ಪ್ರೀತಿಯಿಂದ ಇನ್ನೊಂದು ಬಡಿಸಲು ಬಂದರೆ ತಡೆಯುವ ಕೆಲಸ ನಿಮ್ಮದು.